ಮೂರು ಮೂಲೆಯ ಖಣ

ಹೊಸ ಖಣದ ಮಡಿಕೆ ಬಿಚ್ಚಿದ ಕೂಡಲೇ ಏಳುವ ಒಂದು ವಾಸನೆಯಿದೆ. ನೂಲಿಗೆ ಹಾಕಿದ ಗಂಜಿ, ಬಣ್ಣದ ಸಣ್ಣ ಒಗರು, ಮರದ ಕಪಾಟಿನ ತಂಪು, ಮೂರೂ ಕೂಡಿದ ವಾಸನೆ ಅದು. ಕಳೆದ ವಾರ ಬೇಗಂ ಬಜಾರಿನಲ್ಲಿ, ಸ್ಟೀಲ್ ಪಾತ್ರೆಗಳ ಅಂಗಡಿಗೂ ಒಣಹಣ್ಣಿನ ಮಳಿಗೆಗೂ ನಡುವೆ ಒತ್ತಿಕೊಂಡು ನಿಂತ ಆ ಕಿರಿದಾದ ಅಂಗಡಿಯ ಮೆಟ್ಟಿಲು ಹತ್ತಿದಾಗ ಅದು ನನ್ನನ್ನು ಎದುರುಗೊಂಡಿತು. ಅದರೊಂದಿಗೆ ಏಳು ವರ್ಷಗಳ ಹಿಂದಿನ ಒಂದು ಮಳೆಗಾಲವೂ ಬಿಚ್ಚಿಕೊಂಡಿತು. ಆ ಮಳೆಗಾಲದಲ್ಲಿ ನಾನು ಒಂದು ಭಾಷಣ ಗೆದ್ದು ಒಬ್ಬರ ವಿಶ್ವಾಸ ಕಳೆದುಕೊಂಡೆ. ಬಾಯಿ ಮುಚ್ಚಿಕೊಂಡು ನಿಂತ ಒಂದು ಮಧ್ಯಾಹ್ನ, ಯಾವ ವೇದಿಕೆಯಲ್ಲೂ ಕಾಣದಿದ್ದ ಗೆಲುವನ್ನು ಕಣ್ಣಾರೆ ಕಂಡೆ.

ಅಬಿಡ್ಸ್ ಹತ್ತಿರದ ಒಂದು ಮಹಿಳಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕು ನಾನು ಆಷಾಢದಲ್ಲಿ ಹೈದರಾಬಾದಿಗೆ ಬಂದೆ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳನ್ನು ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದೆ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಸಮಾಜ ಬದಲಾಗಲೇಬೇಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ವಯಸ್ಸು ಅದು. ಬಾಡಿಗೆಗೆ ಸಿಕ್ಕಿದ್ದು ಖಣದ ಅಂಗಡಿಯ ಮೇಲಿನ ಕೋಣೆ. ಮನೆಯ ಯಜಮಾನರು ಸಂಗಪ್ಪನವರು. ಗುಳೇದಗುಡ್ಡದಿಂದ ಇಪ್ಪತ್ತರ ಹರೆಯದಲ್ಲಿ ಒಂದು ಟ್ರಂಕು ಖಣ ಹೊತ್ತುಕೊಂಡು ಬಂದು, ಸರ್ಕಾರಿ ನೌಕರಿಯಲ್ಲಿದ್ದ ಕನ್ನಡದ ಮನೆಗಳ ಬಾಗಿಲು ಬಾಗಿಲಿಗೆ ಹೋಗಿ ಮಾರಿ, ಕೊನೆಗೆ ಈ ಅಂಗಡಿ ಹಿಡಿದವರು. ಎರಡೂ ಕಡೆ ಅಂಚಿರುವ, ಕುಬಸಕ್ಕೆಂದೇ ನೇಯುವ ಆ ಪುಟ್ಟ ಬಟ್ಟೆಯನ್ನು ಬಿಟ್ಟು ಅವರು ಬದುಕಿನಲ್ಲಿ ಬೇರೇನನ್ನೂ ಮಾರಿದವರಲ್ಲ.

ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದವರು ಅವರ ಮಗಳು ಗಿರಿಜಕ್ಕ. ನಲವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡ ಮೇಲೆ ಸೊಲ್ಲಾಪುರದಿಂದ ತವರಿಗೆ ಮರಳಿದ್ದರು; ತಾಯಿಯೂ ಹೋದ ಮೇಲೆ ಮನೆ, ಅಂಗಡಿ ಎರಡೂ ಅವರ ಹೆಗಲಿಗೆ ಬಂದಿದ್ದವು. ನೇಕಾರರಿಗೆ ಫೋನು ಮಾಡುವುದು, ಬಂದ ಗಂಟನ್ನು ಬಿಚ್ಚಿ ನೋಡುವುದು, ತುಳಸಿ ಎಲೆ, ಚದುರಂಗ ಎಂದು ನಮೂನೆಗಳನ್ನು ಬೇರೆ ಬೇರೆ ಹಲಗೆಗೆ ಏರಿಸುವುದು, ಗಿರಾಕಿಯ ಸೀರೆಯ ಬಣ್ಣಕ್ಕೆ ಹೊಂದುವುದನ್ನು ಒಂದೇ ನೋಟಕ್ಕೆ ಎಳೆದು ಹಾಕುವುದು, ಎಲ್ಲವೂ ಅವರದೇ.

ಎಲ್ಲವೂ, ಒಂದನ್ನು ಬಿಟ್ಟು. ಅದು ನನ್ನ ಕಣ್ಣಿಗೆ ಬೀಳಲು ಒಂದು ತಿಂಗಳೇ ಹಿಡಿಯಿತು. ಕುಬಸ ಹೊಲಿಸಲು ಖಣ ಕೇಳಿದವರಿಗೆ ಗಿರಿಜಕ್ಕನೇ ಕತ್ತರಿಸಿ ಚೀಲಕ್ಕೆ ಹಾಕಿ ಕೊಡುತ್ತಿದ್ದರು. ಆದರೆ ಗಿರಾಕಿಯ ಬಾಯಿಂದ 'ಉಡಿಗೆ' ಎಂಬ ಮಾತು ಬಂದರೆ, ಅಂದರೆ ಮದುಮಗಳಿಗೋ ಬಸುರಿಗೋ ಮುತ್ತೈದೆಗೋ ಅಕ್ಕಿ ಕಾಯಿಯ ಜೊತೆ ಮಡಿಲಿಗೆ ಹಾಕುವ ಖಣ ಎಂದಾದರೆ, ಗಿರಿಜಕ್ಕ ಬಟ್ಟೆಯನ್ನು ಹಲಗೆಯ ಮೇಲೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸಂಗಪ್ಪನವರು ಗಾದಿಯಿಂದ ಎದ್ದು ಬಂದು, ಅಂಚು ಮೇಲೆ ಬರುವಂತೆ ಅದನ್ನು ಮೂರು ಮೂಲೆಯಾಗಿ ಮಡಿಚಿ, ಹಿತ್ತಾಳೆಯ ತಾಟಿನಲ್ಲಿಟ್ಟು, ಚಿಟಿಕೆ ಅರಿಶಿನ ಕುಂಕುಮ ಹಾಕಿ ಕೊಡುತ್ತಿದ್ದರು. ಹಾಗೆ ಮಾಡೆಂದು ಯಾರೂ ಹೇಳುತ್ತಿರಲಿಲ್ಲ. ಆ ಒಂದು ಹೆಜ್ಜೆ ಅಂಗಡಿಯ ಗಡಿಯಾರದಷ್ಟು ನಿಶ್ಶಬ್ದವಾಗಿ, ಅಷ್ಟೇ ತಪ್ಪದೆ ನಡೆಯುತ್ತಿತ್ತು.

ಶ್ರಾವಣ ಬಂತು. ಓಣಿಯಲ್ಲಿ ಹಮಾಲರು ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಓಡಾಡುತ್ತಿದ್ದರು. ಬಿಸಿಲು ಬಿದ್ದ ಒಂದು ತಾಸಿನಲ್ಲಿ ಮತ್ತೆ ಮಳೆ. ಖಣಕ್ಕೆ ಅದು ಸುಗ್ಗಿಯ ಕಾಲವಾಗಬೇಕಿತ್ತು. ಆದರೆ ಸಂಗಪ್ಪನವರ ಅಂಗಡಿಗೆ ಶುಕ್ರವಾರವೂ ಬರುತ್ತಿದ್ದವರು ಬೆರಳೆಣಿಕೆಯ ಹಳಬರು.

"ಯಾರಿಗೆ ಬೇಕಾಗೇತ್ರಿ ಅಕ್ಕಾರ ಖಣ?" ಎಂದು ಅವರು ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಅವರ ಊರ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕಾರೇ. "ನಾ ಬಂದಾಗ ಒಂದ್ ಮನ್ಯಾಗ ಖಣದ ಗಂಟ ಬಿಚ್ಚಿದ್ರ ಹತ್ ಮನಿ ಹೆಣ್ಮಕ್ಕಳು ಕೂಡ್ತಿದ್ರು. ಈಗ ಅವರ ಮೊಮ್ಮಕ್ಕಳು ಅಜ್ಜಿಗೆ ನಾನಮ್ಮ ಅಂತಾವ. ಮನಿಯೊಳಗೂ ತೆಲುಗು. ಖಣ ಅಂದ್ರ ಏನಂತ ಕೇಳ್ತಾವ. ಬ್ಲೌಸ್ ಪೀಸ್ ಅಂದ್ರ ತಿಳೀತೈತಿ."

ಬ್ಲೌಸ್ ಪೀಸ್ ಎಂಬ ಮಾತನ್ನು ಅವರು ನಾಲಿಗೆಗೆ ಬೇವು ತಾಗಿದವರಂತೆ ಆಡುತ್ತಿದ್ದರು. ಅದಕ್ಕೆ ಕಾರಣವಿತ್ತು. ಉಡಿಗೆ ಬಂದ ಖಣವನ್ನು ಹೊಲಿಸಿ ತೊಡಬೇಕೆಂಬುದು ಅವರ ಕಟ್ಟುನಿಟ್ಟು. ಪಾಲಿಸ್ಟರಿನ ಪೀಸುಗಳೋ ಒಂದು ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಪ್ರಯಾಣ ಮಾಡುತ್ತವೆ, ಯಾರ ಮೈಗೂ ಏರುವುದಿಲ್ಲ. ನನಗೆ ಬಂದಿದ್ದ ಒಂದು ಹಸಿರು ಪೀಸನ್ನು ನಾನು ಶ್ರಾವಣದ ಮೊದಲ ವಾರ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ನಾಲ್ಕನೆಯ ವಾರ ಬೇರೊಬ್ಬರ ಮನೆಯಲ್ಲಿ ಅದೇ ಪೀಸು, ನಾನು ಚುಚ್ಚಿದ್ದ ಗುಂಡುಪಿನ್ನಿನ ಸಮೇತ, ನನ್ನ ಕೈಗೇ ಬಂತು. ಹೇಳಿದಾಗ ಗಿರಿಜಕ್ಕ ಕತ್ತರಿ ಕೆಳಗಿಟ್ಟು ನಕ್ಕರು. "ಚೊಲೋ ಆತು ಬಿಡ್ರಿ, ಹೈದರಾಬಾದೆಲ್ಲಾ ನೋಡ್ಕೊಂಡು ಬಂದೈತಿ."

ಸಂಗಪ್ಪನವರು ನಗಲಿಲ್ಲ. ಆ ವೇಳೆಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಮೂರು ಮೂಲೆಯ ಮಡಿಕೆ ಅಂಕುಡೊಂಕಾಗುತ್ತಿತ್ತು. ಮಡಿಚಿದ್ದು ತಾಟಿಗೆ ಬರುವಷ್ಟರಲ್ಲಿ ಬಾಯಿ ಬಿಡುತ್ತಿತ್ತು. ಒಂದು ಸಂಜೆ ಅವರು ತೀರ್ಮಾನ ಹೇಳಿದರು. ದಸರೆ ಮುಗಿದ ಮೇಲೆ ಅಂಗಡಿಯನ್ನು ಮೊಬೈಲಿನ ಕವರು ಮಾರುವವರಿಗೆ ಬಿಟ್ಟುಕೊಡುವುದು.

"ಮಡಚೂ ಕೈ ಹೋತು, ಅಂಗಡೀನೂ ಹೋತು. ಇನ್ನೇನ್ ಉಳೀತು?"

ಮಡಿಚುವ ಕೈ ಮೂರು ಮೊಳ ದೂರದಲ್ಲಿ, ನೂಲಿನ ಎಳೆಗಳನ್ನು ಕತ್ತರಿಸುತ್ತ ಕೂತಿತ್ತು. ಬೇರೆ ಸಂಸಾರವಿಲ್ಲದ ಗಿರಿಜಕ್ಕನಿಗೆ ಆ ಅಂಗಡಿಯೇ ಬದುಕಾಗಿತ್ತು. ಅದು ಹೋದರೆ ಅವರು ಒಳಮನೆಯ ಒಂದು ಮೂಲೆಗೆ ಹೋಗಬೇಕು. ಈ ಅನ್ಯಾಯದ ಸರಳತೆ ನನ್ನನ್ನು ಕೆರಳಿಸಿತು. ನಾನು ನನಗೆ ತಿಳಿದಿದ್ದ ಒಂದೇ ಆಯುಧವನ್ನು ಎತ್ತಿಕೊಂಡೆ.

ಭಾದ್ರಪದದಲ್ಲಿ ನಮ್ಮ ಕನ್ನಡದ ಬಳಗದವರು ಒಂದು ಸಭೆ ಸೇರಿಸಿದ್ದರು. ನನಗೆ ಕೊಟ್ಟ ವಿಷಯ 'ಸಂಪ್ರದಾಯ ಮತ್ತು ನಾವು'. ಪೀಠಿಕೆ, ಪ್ರತಿವಾದದ ಖಂಡನೆ, ಉದಾಹರಣೆ, ಸಮಾರೋಪ, ಎಲ್ಲವನ್ನೂ ಅಚ್ಚುಕಟ್ಟಾಗಿ ಕಟ್ಟಿದ್ದೆ. ಉದಾಹರಣೆಯ ಸ್ಥಳಕ್ಕೆ ಬಂದಾಗ ಸಭೆಯ ಮೌನ ನನ್ನನ್ನು ಎತ್ತಿಕೊಂಡಿತು. "ಈ ಊರಿನ ಒಂದು ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಸಾವಿರ ಉಡಿಗಳಿಗೆ ಖಣ ಆರಿಸಿಕೊಡುವ ಅವಳು, ಒಂದನ್ನೂ ಮಡಿಚುವಂತಿಲ್ಲ. ಅವಳ ಕೈಯನ್ನು ಅಶುಭ ಎಂದವರು ನಾವು, ಇಲ್ಲಿ ಕೂತಿರುವವರು!" ಎಂದೆ. ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಡೀ ನಗರದಲ್ಲಿ ಆ ಸಭೆಗೆ ಗೊತ್ತಿದ್ದ ಖಣದ ಅಂಗಡಿ ಒಂದೇ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ದಿನವೂ ಮೇಲಿನ ಕೋಣೆಗೆ ಚಹಾ ತರುತ್ತಿದ್ದ ಗಿರಿಜಕ್ಕ ಮರುದಿನ ಸಂಜೆ ತರಲಿಲ್ಲ. ನಾನೇ ಕೆಳಗಿಳಿದೆ. ಅವರು ಖಣಗಳ ಥಪ್ಪಿಯನ್ನು ಸರಿಪಡಿಸುತ್ತ, ನನ್ನ ಕಡೆ ತಿರುಗದೆ ಕೇಳಿದರು:

"ನಿಮ್ಮ ಭಾಷಣಕ್ಕ ನನ್ನ ಮುಖಾನ ಬೇಕಾತೇನ್ರಿ, ಅಕ್ಕಾರ? ನನ್ನ ಒಂದ್ ಮಾತ ಕೇಳಿದ್ರ್ಯಾ?"

"ನಿಮ್ಮ ಪರವಾಗಿಯೇ ಮಾತಾಡಿದೆ, ಗಿರಿಜಕ್ಕ..."

"ನನ್ನ ಪರವಾಗಿ ಮಾತಾಡಿದ್ರಿ, ಖರೆ. ನನ್ನ ಕೂಡ ಮಾತಾಡಲಿಲ್ಲ. ನಿನ್ನಿತನಾ ಮಂದಿ ನಾ ಕೊಟ್ಟ ಖಣ ನೋಡ್ತಿದ್ರು. ಇವತ್ತ ಮುಂಜಾನಿಂದ ನನ್ನ ಕೈ ನೋಡಾಕತ್ತಾರ."

ಅವರು ಹೇಳಿದ್ದು ಅಕ್ಷರಶಃ ಸತ್ಯ. ಅವರನ್ನು ಹಿಂದಕ್ಕೆ ಸರಿಸಿದ ಸಮಾಜವನ್ನು ಖಂಡಿಸುವಾಗ ನಾನು ಕೂಡ ಅವರನ್ನು ಕೇಳದೆಯೇ ಮುಂದಕ್ಕೆ ಎಳೆದು ನಿಲ್ಲಿಸಿದ್ದೆ. ಕ್ಷಮೆ ಕೇಳಿದೆ. ಗಿರಿಜಕ್ಕ ತಲೆಯಾಡಿಸಿದರು, ಚಹಾ ಬರಲು ಇನ್ನೂ ಹತ್ತು ದಿನ ಹಿಡಿಯಿತು. ಎರಡು ಹಳೆಯ ಮನೆಗಳವರು ಅಂಗಡಿಗೆ ಬರುವುದನ್ನೇ ಬಿಟ್ಟರು.

ಮಹಾಲಯ ಅಮಾವಾಸ್ಯೆಯ ಮುನ್ನಾದಿನ ಇಡೀ ಮಧ್ಯಾಹ್ನ ಮಳೆ ಸುರಿಯಿತು. ಗಿರಾಕಿಗಳಿಲ್ಲ. ಸಂಗಪ್ಪನವರು ತಮ್ಮ ತಾಯಿಯ ಮಗ್ಗದ ಮಾತು ತೆಗೆದರು. ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು, ಎಪ್ಪತ್ತರವರೆಗೂ ನೇಯ್ದ ತಾಯಿ. "ಅವ್ವ ಹಾಕಿದ ಆನಿ ಹೆಜ್ಜಿ ನಮೂನಿ ನೋಡಬೇಕಿತ್ತ್ರಿ ನೀವು. ಒಂದ್ ಎಳಿ ಆಚೀಚಿ ಇಲ್ಲ. ಆ ಓಣ್ಯಾಗ ಮದಿವಿ ಅಂದ್ರ ಅವ್ವನ ಖಣಾನ ಆಗಬೇಕು. ಎಷ್ಟ್ ಮಂದಿ ಉಡಿ ತುಂಬ್ತೋ ಅಕಿ ಮಗ್ಗ!"

ನನ್ನ ಬಾಯಿಯ ತುದಿಗೆ ವಾದದ ನಾಲ್ಕು ಅಂಶಗಳು ಬಂದವು. ನುಂಗಿಕೊಂಡೆ. ನಿಜವಾಗಿಯೂ ತಿಳಿಯಬೇಕೆನಿಸಿದ ಒಂದನ್ನು ಮಾತ್ರ ಕೇಳಿದೆ.

"ಅವರ ಉಡಿಗೆ ಯಾರಾದರೂ ಒಂದು ಖಣ ಹಾಕಿದ್ದರೇನ್ರಿ?"

ಅವರು ನನ್ನನ್ನು ನೋಡಿದರು. ಆಮೇಲೆ ಮಳೆಯನ್ನು ನೋಡಿದರು. ತಮಗೆ ತಾವೇ ಹೇಳಿಕೊಂಡಂತೆ, "ನನಗ್ಯಾಕ ಇದು ಎಂದೂ ತಲ್ಯಾಗ ಬರಲಿಲ್ಲ?" ಎಂದರು. ಕಪಾಟಿನ ಹಿಂದೆ ಗಿರಿಜಕ್ಕನ ಕತ್ತರಿ ಸದ್ದು ನಿಂತಿತ್ತು.

ನವರಾತ್ರಿಯ ಶುಕ್ರವಾರ ಬಂತು. ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಓಣಿಯ ತುದಿಯಲ್ಲಿ, ತೆಲಂಗಾಣದ ಹೂವಿನ ಹಬ್ಬ ಬತುಕಮ್ಮಕ್ಕೆಂದು ತಂದ ತಂಗಡಿ ಹೂವಿನ ಹಳದಿ ರಾಶಿಗಳು. ಹೆಂಗಸರು ತಾಟು ಹಿಡಿದು ಮುಗಿಬಿದ್ದಿದ್ದರು. ಕಾಲೇಜಿಗೆ ರಜೆ ಇದ್ದುದರಿಂದ ನಾನು ಅಂಗಡಿಯಲ್ಲಿದ್ದೆ. ಹನ್ನೆರಡರ ಸುಮಾರಿಗೆ ಸುಮತಿಬಾಯಿಯವರು ಮೆಟ್ಟಿಲು ಹತ್ತಿದರು. ಮೂವತ್ತು ವರ್ಷಗಳಿಂದ ಬರುತ್ತಿದ್ದ ಗಿರಾಕಿ. ಜೊತೆಗೆ ಮಗಳು ಮೇಘನಾ, ಏಳು ತಿಂಗಳ ಬಸುರಿ. ಮಣಿಕೊಂಡದಲ್ಲಿ ಮನೆ, ಅಲ್ಲೇ ಹತ್ತಿರದ ಕಚೇರಿಯಲ್ಲಿ ಕೆಲಸ. ಅವಳ ಕುಬಸದ ಕಾರ್ಯಕ್ಕೆ, ಅಂದರೆ ಬಸುರಿಯ ಉಡಿ ತುಂಬುವ ಶಾಸ್ತ್ರಕ್ಕೆ, ಖಣ ಬೇಕಿತ್ತು. ಸಂಗಪ್ಪನವರು ಯಾರ ಬಗ್ಗೆ ದುಃಖಪಡುತ್ತಿದ್ದರೋ ಆ ಪೀಳಿಗೆಯೇ ಮೂರ್ತಿವೆತ್ತು ಬಂದಂತಿದ್ದಳು ಅವಳು.

"ತಾತಾ, ನಮ್ ನಾನಮ್ಮಂದು ಒಂದ್ ಖಣ ಇತ್ತು. ಫೋಟೋ ಐತಿ. ನನಗ ಸೇಮ್ ಅದೇ ಬೇಕು" ಎಂದು ಮೊಬೈಲು ಚಾಚಿದಳು. ಸಂಗಪ್ಪನವರ ಮಸುಕು ಕಣ್ಣಿಗೆ ಏನೂ ತಿಳಿಯಲಿಲ್ಲ. ಗಿರಿಜಕ್ಕ ಒಮ್ಮೆ ನೋಡಿದರು, ಬೆರಳಿನಿಂದ ಚಿತ್ರ ಹಿಗ್ಗಿಸಿದರು.

"ಆನಿ ಹೆಜ್ಜಿ ಇದು. ಅಂಚಿನ್ಯಾಗ ಕೆಂಪೆಳಿ ಎರಡು ಅದಾವ ನೋಡು, ನಮ್ಮ ಅಂಗಡೀದ. ಈಗಿದನ್ನ ಯಾರೂ ಮಗ್ಗಕ್ಕ ಹಾಕಂಗಿಲ್ಲ. ನಾ ಒಬ್ಬರಿಗೆ ಫೋನ್ ಹಚ್ಚಿ ಹಚ್ಚಿ, ಬೈಸ್ಕೊಂಡು, ಈ ಸಲ ಹಾಕ್ಸೀನಿ." ಅವರು ಮೇಲಿನ ಹಲಗೆಯಿಂದ ಒಂದು ಖಣ ಇಳಿಸಿ ಬಿಚ್ಚಿದರು. ಹಸಿರು ಮೈ, ಕೆಂಪು ಅಂಚು. ಆ ವಾಸನೆ ಎದ್ದಿತು. ಸಂಗಪ್ಪನವರು ಗಾದಿಯಿಂದ ಬಾಗಿ ಬಟ್ಟೆಯನ್ನು ಮುಟ್ಟಿದರು. ಮಗಳು ಅಜ್ಜಿಯ ನಮೂನೆಯನ್ನು ಮತ್ತೆ ಮಗ್ಗಕ್ಕೆ ಏರಿಸಿದ್ದು ಅವರಿಗೆ ಗೊತ್ತಿರಲಿಲ್ಲ.

"ಉಡಿಗೆ" ಎಂದರು ಸುಮತಿಬಾಯಿ.

ಗಿರಿಜಕ್ಕ ಬಟ್ಟೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಸಂಗಪ್ಪನವರು ಎದ್ದು ಬಂದರು. ಮೊದಲ ಮಡಿಕೆ ಹಾಕಿದರು, ಜಾರಿತು. ಇನ್ನೊಮ್ಮೆ ಹಾಕಿದರು. ಕೈ ನಡುಗಿ ಖಣದ ಮೂಲೆ ಕುಂಕುಮದ ಬಟ್ಟಲಿಗೆ ತಾಗಿತು.

"ಅಕ್ಕಾ, ನೀವ ಮಡಚ್ರಿ. ತಾತಾಗ ಯಾಕ ತ್ರಾಸು?" ಎಂದಳು ಮೇಘನಾ.

ಸುಮತಿಬಾಯಿ ಮಗಳ ತೋಳು ಜಗ್ಗಿ, ಅಂಗಡಿಯವರಿಗೆ ತಿಳಿಯದಿರಲೆಂದು ತೆಲುಗಿನಲ್ಲಿ ಪಿಸುಗುಟ್ಟಿದರು: "ಆಮೆ ಚೇತಿತೋ ವದ್ದಮ್ಮಾ." ಅವಳ ಕೈಯಿಂದ ಬೇಡ. ಬೇಗಂ ಬಜಾರಿನಲ್ಲಿ ತೆಲುಗು ತಿಳಿಯದ ಗೋಡೆಯೂ ಇಲ್ಲವೆಂಬುದನ್ನು ಆ ಗಡಿಬಿಡಿಯಲ್ಲಿ ಅವರು ಮರೆತಿದ್ದರು.

"ಯಾಕ ಮಮ್ಮಿ?" ಮೇಘನಾ ನಿಜವಾಗಿಯೂ ಗಾಬರಿಯಿಂದ ತಿರುಗಿದಳು. "ಅವರ ಕೈಗೇನಾಗೇತಿ?"

ನಾನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಯಾವ ಪ್ರಶ್ನೆಯಲ್ಲೂ ಆ ಶಕ್ತಿ ಇರಲಿಲ್ಲ. ಅದರಲ್ಲಿ ವಾದವಿರಲಿಲ್ಲ, ಚುಚ್ಚು ಇರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಖಣದ ನಮೂನೆಗಳನ್ನು ಮರೆತ ಪೀಳಿಗೆ ಆ ನಿಷೇಧವನ್ನೂ ಮರೆತಿತ್ತು. ಸುಮತಿಬಾಯಿ ಬಾಯಿ ತೆರೆದರು. ಗಿರಿಜಕ್ಕ ಎದುರಿಗೇ ನಿಂತಿದ್ದರು. ತಲೆಮಾರುಗಳಿಂದ ನಡೆದುಬಂದ ಆ ಕಾರಣವನ್ನು, ಅದು ತಾಗುವ ಮನುಷ್ಯಳ ಮುಖ ನೋಡಿಕೊಂಡು, ಗಟ್ಟಿಯಾಗಿ ಹೇಳಲು ಅವರಿಂದ ಆಗಲಿಲ್ಲ. ನಾನು ತುಟಿ ಕಚ್ಚಿಕೊಂಡು ಸುಮ್ಮನೆ ನಿಂತೆ.

ಉತ್ತರ ಕೊಟ್ಟವರು ಸಂಗಪ್ಪನವರು.

"ಏನೂ ಆಗಿಲ್ಲವಾ. ಅಕಿ ಕೈಗೆ ಏನೂ ಆಗಿಲ್ಲ. ಕೆಟ್ಟಿದ್ದು ನನ್ನ ಕೈ." ಖಣವನ್ನು ಹಲಗೆಯ ಮೇಲೆ ಇಟ್ಟರು. "ಗಿರಿಜಾ, ಮುಂದ ಬಾ."

ಗಿರಿಜಕ್ಕ ಕದಲಲಿಲ್ಲ. "ಗಿರಾಕಿ ಮುಂದ ಇವತ್ತೊಂದಿನ ಅಡಚಣಿಗೆ ಕರಿಬ್ಯಾಡಪ್ಪಾ" ಎಂದರು. ದನಿ ಮೆಲ್ಲಗಿತ್ತು, ಸ್ಥಿರವಾಗಿತ್ತು. "ದಿನಾ ಕರಿಯಾಂವ ಇದ್ರ ಬರ್ತೀನಿ. ಇಲ್ಲಾಂದ್ರ ಹೆಂಗಿದ್ರೂ ಅಂಗಡಿ ಬಿಡೂದೈತಿ, ಹಿಂಗ ಇರಲಿ."

ಸಂಗಪ್ಪನವರು ಮಗಳನ್ನು ನೋಡಿದರು. ಅವರ ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು.

"ದಿನಾ" ಎಂದರು. "ನಾ ಇರೂತನಾ, ನಾ ಹೋದ ಮ್ಯಾಲೂ."

ಆಗ ಗಿರಿಜಕ್ಕ ಆ ಒಂದು ಹೆಜ್ಜೆ ಮುಂದಿಟ್ಟರು. ಅವರಿಗೆ ಮಡಿಚಲು ಯಾರೂ ಕಲಿಸಿರಲಿಲ್ಲ. ಬಾಲ್ಯದಿಂದ ನೋಡಿದ್ದೇ ಕಲಿತದ್ದು. ಮೂರು ಬಾರಿ ಕೈ ಆಡಿತು. ಅಂಚಿಗೆ ಅಂಚು ಕೂಡಿ, ಮೂರು ಮೂಲೆ ಚೂಪಾಗಿ, ಆನೆಯ ಹೆಜ್ಜೆಗಳ ಸಾಲು ನಡುವೆ ನೇರವಾಗಿ ಬಂದು ಕೂತಿತು.

"ಈಗ ನಾನೇನ್ ಮಾಡ್ಬೇಕು?" ಎಂದು ಕೇಳಿದಳು ಮೇಘನಾ.

"ಸೆರಗ ಒಡ್ಡು."

"ಸೆರಗೇ ಇಲ್ಲಲ್ಲಾ, ಅಕ್ಕಾ!"

"ಓಡಣಿ ಐತಲ್ಲ, ಅದನ್ನ ಹಿಡಿ. ಒಳಗಿನ ಕೂಸಿಗೆ ಏನ್ ತಿಳೀತೈತಿ, ಸೆರಗೋ ಓಡಣಿಯೋ!"

ಮೊದಲು ನಕ್ಕವರು ಸುಮತಿಬಾಯಿ. ಅಳುವೂ ಅದರಲ್ಲಿ ಬೆರೆತಿತ್ತು. ಖಣ ಮಗಳ ಉಡಿಗೆ ಬಿದ್ದ ಮೇಲೆ ಅವರು ಹೊರಡಲಿಲ್ಲ. ತಮ್ಮ ಸೆರಗಿನ ತುದಿಯನ್ನು ಸರಿಪಡಿಸಿಕೊಳ್ಳುತ್ತ ನಿಂತು, "ಗಿರಿಜಾ, ನನಗೂ ಒಂದು" ಎಂದರು.

ಮೇಘನಾ ಆ ಮಧ್ಯಾಹ್ನವೇ ಖಣದ ಫೋಟೋವನ್ನು ಗೆಳತಿಯರಿಗೆಲ್ಲ ಕಳಿಸಿದಳು. ನವರಾತ್ರಿ ಮುಗಿಯುವಷ್ಟರಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದು ಹಿಂದಿ ಮಾತಾಡುವ ಹುಡುಗಿಯರು ಮೆಟ್ಟಿಲ ಮೇಲೆ ನಿಂತು "ಅಕ್ಕಾ, ನಮ್ಮಜ್ಜಿದು ಯಾವ ನಮೂನೆ ಹೇಳ್ರಿ" ಎಂದು ಫೋಟೋ ಚಾಚುತ್ತಿದ್ದರು. ಮೊಬೈಲ್ ಕವರಿನವರು ಎರಡು ಸಲ ಬಂದು, ಒಳಗೆ ಕಾಲಿಡಲು ಜಾಗವಿಲ್ಲದೆ ಹೋದರು. ಬಿಟ್ಟುಹೋದ ಆ ಎರಡು ಮನೆಗಳವರು ಮಾತ್ರ ಮರಳಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ವಿಜಯದಶಮಿಯ ಬೆಳಿಗ್ಗೆ ಅಂಗಡಿಯ ಪೂಜೆ ಮುಗಿದ ಮೇಲೆ ಸಂಗಪ್ಪನವರು ಒಂದು ಆನೆ ಹೆಜ್ಜೆಯನ್ನು ತಾವೇ ಇಳಿಸಿಕೊಂಡರು. ಯಾರನ್ನೂ ಹತ್ತಿರ ಬಿಡಲಿಲ್ಲ. ಮಡಿಚುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಂಚು ಒಳಗೆ ಸೇರಿತು; ಮೂಲೆಗಳು ಮೂರೋ ನಾಲ್ಕೋ ಹೇಳುವುದು ಕಷ್ಟವಾಗಿತ್ತು. "ಸೆರಗ ಒಡ್ಡವಾ" ಎಂದರು ಮಗಳಿಗೆ. ಅಕ್ಕಿ, ಕಾಯಿ, ಉತ್ತತ್ತಿಗಳ ಮೇಲೆ ಆ ಸೊಟ್ಟ ಖಣವನ್ನು ಇಟ್ಟರು. "ನಮ್ಮವ್ವಗ ಹಾಕಬೇಕಾಗಿದ್ದು. ಅಕಿದೂ ನಿಂದೂ ಕೂಡೇ ಬಂತು."

ಗಿರಿಜಕ್ಕ ಅದನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿ ಇಡಲಿಲ್ಲ. ಆ ವಾರವೇ ಹೊಲಿಸಿ, ಮುಂದಿನ ಶುಕ್ರವಾರ ತೊಟ್ಟುಕೊಂಡು ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತರು.

ಕಳೆದ ವಾರ ಹೋದಾಗಲೂ ಅಲ್ಲೇ ಕೂತಿದ್ದರು. ಹಿಂದೆ ಅವರು ಸರಿದು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಸ್ಟೂಲು, ಅದರ ಮೇಲೆ ಸಂಗಪ್ಪನವರು. ಕಣ್ಣು ಇನ್ನೂ ಮಂಜಾಗಿದೆ, ಗೊಣಗು ಹಾಗೇ ಇದೆ. "ನೋಡ್ರಿ ಅಕ್ಕಾರ, ಈಗಿನವು ಖಣದಾಗ ಪರ್ಸ್ ಹೊಲಸ್ತಾವ! ಅವ್ವ ನೋಡಿದ್ರ ಏನಂತಿದ್ಲೋ!" ಎನ್ನುತ್ತಾರೆ. ಅವರ ನಷ್ಟ ನಿಜವಾದದ್ದು. ಗಂಟು ಬಿಚ್ಚಿದರೆ ಹತ್ತು ಮನೆ ಕೂಡುತ್ತಿದ್ದ ಆ ನಗರ ಮತ್ತೆ ಬರುವುದಿಲ್ಲ. ಈಗ ನಾನು ಅದನ್ನು ವಾದಿಸಿ ಅಳಿಸಲು ಹೋಗುವುದಿಲ್ಲ. ಆದರೆ ಹಾಗೆ ಗೊಣಗುವಾಗಲೂ ಅವರು ಕಿವಿಯನ್ನು ಮೆಟ್ಟಿಲ ಕಡೆಗೇ ಇಟ್ಟಿರುತ್ತಾರೆ, ಮುಂದಿನ ಹುಡುಗಿ ಯಾವ ನಮೂನೆ ಕೇಳುತ್ತಾಳೋ ಎಂದು.

ನಾನು ಒಂದು ತುಳಸಿ ಎಲೆ ಆರಿಸಿಕೊಂಡೆ. ಗಿರಿಜಕ್ಕ ಕೇಳದೆಯೇ ಅದನ್ನು ಮೂರು ಮೂಲೆಯಾಗಿ ಮಡಿಚಿ, ನಾನು ಒಡ್ಡಿದ ಓಡಣಿಗೆ ಹಾಕಿದರು.

"ಹೊಲಸ್ರಿ ಮತ್ತ, ಅಕ್ಕಾರ" ಎಂದರು. "ಗುಂಡುಪಿನ್ನ ಚುಚ್ಚಿ ಊರ ನೋಡಾಕ ಕಳಸಬ್ಯಾಡ್ರಿ!"